ಹೂ ಬಿಟ್ಟ ಉಳಿ

ಷಟರ್ ಅರ್ಧ ಎತ್ತಿ, ಬಗ್ಗಿ ಒಳಗೆ ಹೋದ ಅಕ್ಕ ದೀಪ ಹಾಕುವ ಮೊದಲು ಒಂದು ಕೆಲಸ ಮಾಡುತ್ತಾಳೆ. ಗೋಡೆಯ ಹಲಗೆಯ ಮೇಲಿನ ದೊಡ್ಡ ಉಳಿಯನ್ನು ಕತ್ತಲಲ್ಲೇ ತಡಕಿ ತೆಗೆದು, ಅದರ ತಲೆಯ ಸುತ್ತ ಹೆಬ್ಬೆರಳು ಆಡಿಸುತ್ತಾಳೆ. ಆಮೇಲೆ ಸ್ವಿಚ್.

ಆ ದಿನ ಹೆಬ್ಬೆರಳು ಒಂದು ಕಡೆ ನಿಂತಿತು. ದೀಪ ಹಾಕಿ ನೋಡಿದಳು. ಕೂದಲೆಳೆಯಷ್ಟು ಸಣ್ಣ ಗೀರು. ಎಣ್ಣೆಬಟ್ಟೆಯಿಂದ ಒರೆಸಿದಳು. ಗೀರು ಹೋಗಲಿಲ್ಲ. ಗೀರಿರುವ ಮಗ್ಗುಲು ಗೋಡೆಗೆ ಮುಖ ಮಾಡುವಂತೆ ಉಳಿಯನ್ನು ಹಲಗೆಯ ಮೇಲೆ ಮಲಗಿಸಿದಳು. ಹೊರಗೆ ತಂಗಿಯ ಚಪ್ಪಲಿ ಸದ್ದು ಕೇಳಿತು.

ಅಕ್ಕತಂಗಿಯರಿಬ್ಬರೂ ಹಳೆಯ ಎಣ್ಣೆ ಟ್ಯಾಂಕುಗಳ ತಗಡು ಜೋಡಿಸಿರುವ ರಿವೆಟ್ ಮೊಳೆಗಳನ್ನು ಕತ್ತರಿಸುತ್ತಾರೆ. ಒಳಗೆ ಎಣ್ಣೆಯ ಆವಿ ಉಳಿದಿರುವ ಟ್ಯಾಂಕಿಗೆ ಗ್ಯಾಸ್ ಬೆಂಕಿ ಹಿಡಿಯುವಂತಿಲ್ಲ, ಕಿಡಿ ಹಾರಿಸುವ ಯಂತ್ರ ತರುವಂತಿಲ್ಲ. ಅಂಥ ಕಡೆ ನೀರು ಸುರಿದುಕೊಂಡು ಹೊಡೆಯುವ ಉಳಿ, ಸುತ್ತಿಗೆಯೇ ಗತಿ. ಒಬ್ಬರು ಇಕ್ಕಳದಲ್ಲಿ ಉಳಿ ಹಿಡಿಯಬೇಕು, ಇನ್ನೊಬ್ಬರು ಹೊಡೆಯಬೇಕು. ಈ ಮನೆಯಲ್ಲಿ ಹೊಡೆಯುವುದು ಹಿರಿಯರು, ಹಿಡಿಯುವುದು ಕಿರಿಯರು. ಅಪ್ಪ ಹೊಡೆಯುತ್ತಿದ್ದರು, ಚಿಕ್ಕಪ್ಪ ಹಿಡಿಯುತ್ತಿದ್ದರು. ಈಗ ಅಕ್ಕ ಹೊಡೆಯುತ್ತಾಳೆ, ತಂಗಿ ಹಿಡಿಯುತ್ತಾಳೆ. ಉಳಿಯ ತಲೆಗೂ ಹಿಡಿದವರ ಮುಖಕ್ಕೂ ನಡುವೆ ಇರುವುದು ಒಂದು ಮೊಳ.

ವರ್ಷಗಟ್ಟಲೆ ಏಟು ತಿಂದ ಉಳಿಯ ತಲೆ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಅಂಚು ಸೀಳಿ, ಎಸಳೆಸಳಾಗಿ ಕೆಳಕ್ಕೆ ಮಡಚಿಕೊಳ್ಳುತ್ತದೆ. ಬೇರೆ ಕಾರ್ಖಾನೆಗಳಲ್ಲಿ ಇದಕ್ಕೆ ತಲೆ ಕೆಟ್ಟಿದೆ ಎನ್ನುತ್ತಾರೆ. ಸಾಣೆ ಹಿಡಿಸಿ ಅಂಚನ್ನು ತೆಗೆದುಬಿಡುತ್ತಾರೆ. ಈ ಮನೆಯಲ್ಲಿ ಇದಕ್ಕೆ ಹೂ ಬಿಟ್ಟಿದೆ ಎನ್ನುತ್ತಾರೆ. ಹೂ ತೆಗೆಯುವ ಮಾತಿಲ್ಲ. ಒಳಗಿನ ಸುತ್ತು ತಾತನ ಏಟು, ಹೊರಗಿನ ಸುತ್ತು ಅಪ್ಪನದು ಎಂದು ಇಬ್ಬರಿಗೂ ಚಿಕ್ಕಂದಿನಲ್ಲೇ ತೋರಿಸಿಕೊಟ್ಟಿದ್ದರು. ಅಪ್ಪ ಎಡಚರು. ಹಾಗಾಗಿ ಹೂ ಒಂದು ಪಕ್ಕಕ್ಕೆ ವಾಲಿದೆ. ಸುತ್ತಿಗೆಯ ಹಿಡಿ ಎಷ್ಟೋ ಸಲ ಬದಲಾಗಿದೆ, ಇಕ್ಕಳ ಹೊಸದು, ಗೋಡೆಯ ಮೇಲಿನ ಫೋಟೋದಲ್ಲಿ ಅಪ್ಪ ಅಪ್ಪನ ಹಾಗೆ ಕಾಣುವುದಿಲ್ಲ. ಎಲ್ಲ ಹೋಗಿ ಉಳಿದದ್ದು ಉಳಿಯೊಂದೇ.

ಚಿಕ್ಕಪ್ಪ ಈಗ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಅವರ ಎಡಗಣ್ಣಿನಲ್ಲಿ ಹೂ ಬಿದ್ದಿದೆ. ಕರಿಗುಡ್ಡೆಯ ಮೇಲೆ ಬೆಳ್ಳಗೆ, ಹೆಪ್ಪುಗಟ್ಟಿದ ಹಾಲಿನಂಥ ಚುಕ್ಕೆ. ಕೆಲಸ ಮಾಡುವಾಗ ಧೂಳು ಬಿತ್ತು, ಉಜ್ಜಿಕೊಂಡೆ ಎನ್ನುವುದು ಅವರ ಉತ್ತರ. ಹೆಚ್ಚು ಕೇಳಿದರೆ ನಗಿಸಿಬಿಡುತ್ತಾರೆ. "ಅಣ್ಣನ ಹೂ ಉಳಿ ಮೇಲೆ, ನನ್ನ ಹೂ ಕಣ್ಣೊಳಗೆ. ಮುಡ್ಕೊಳ್ಳೋ ಭಾಗ್ಯ ಇಬ್ರಿಗೂ ಇಲ್ಲ."

ಹತ್ತು ಗಂಟೆಯ ಹೊತ್ತಿಗೆ ಪಕ್ಕದ ಅಂಗಡಿಯ ಲೇತ್‌ನವನು ಚಹಾ ಲೋಟ ಹಿಡಿದುಕೊಂಡು ಬಂದ.

"ಅಕ್ಕಾ, ನಾಳೆ ದೊಡ್ಡ ಟ್ಯಾಂಕಂತೆ. ಆ ಉಳಿ ಕೊಡಿ, ತಲೆ ಸಾಣೆ ಹಿಡಿದು ಕೊಡ್ತೀನಿ. ಚಹಾ ಆರೋದ್ರೊಳಗೆ ಮುಗಿಯುತ್ತೆ."

"ನಿನ್ನ ತಲೆ ಹಿಡಿ ಸಾಣೆಗೆ. ಸ್ವಲ್ಪ ಚುರುಕಾದ್ರೂ ಆದೀತು."

"ನನ್ನ ತಲೆ ಹಾಳಾದ್ರೆ ನನಗೊಬ್ಬನಿಗೇ ನಷ್ಟ. ಇದು ಚಕ್ಕೆ ಎದ್ರೆ ಎದುರಿಗಿರೋರ ಕಣ್ಣು," ಎಂದವನೇ ತಂಗಿಯ ಕಡೆ ನೋಡದೆ ಚಹಾ ಗುಟುಕರಿಸಿದ.

"ಅಪ್ಪ ನೆಟ್ಟ ಆಲದಮರ ಅಂತ..." ಎಂದು ತಂಗಿ ಗೊಣಗಿದಳು. ಗಾದೆಯ ಉಳಿದರ್ಧ ಎಲ್ಲರಿಗೂ ಗೊತ್ತಿತ್ತು. ನೇಣು ಹಾಕಿಕೊಳ್ಳುವ ಮಾತು ಯಾರ ಬಾಯಿಂದಲೂ ಬರಲಿಲ್ಲ.

ತಂಗಿ ಎದ್ದುಹೋಗಿ ಉಳಿ ಎತ್ತಿಕೊಂಡಳು. ಬಾಗಿಲ ಬೆಳಕಿಗೆ ಹಿಡಿದು ಮೆಲ್ಲಗೆ ತಿರುಗಿಸಿದಳು. ಅವಳ ಕೈ ನಿಂತಿತು.

"ಇದು ಯಾವಾಗಿಂದ?"

"ಯಾವುದು?"

"ಈ ಗೀರು."

"ಬೆಳಕಿಗೆ ಹಾಗೆ ಕಾಣುತ್ತೆ."

"ಬೆಳಕಿಗೆ ಕಾಣೋದು ಉಗುರಿಗೆ ಸಿಗುತ್ತೇನೇ ಅಕ್ಕಾ?" ತಂಗಿ ಉಗುರು ಆಡಿಸಿ ತೋರಿಸಿದಳು. ಟಿಕ್ ಎಂದಿತು. "ಗೀರಿರೋ ಕಡೆ ಗೋಡೆಗೆ ತಿರುಗಿಸಿಟ್ಟಿದ್ದೀಯ. ದಿನಾ ಈ ಮಗ್ಗುಲು ಮೇಲಿರುತ್ತೆ, ಇವತ್ತು ಗೋಡೆ ಕಡೆ. ನೋಡಿದ್ದೀಯ ನೀನು."

ಅಕ್ಕ ಸುತ್ತಿಗೆಯ ಹಿಡಿಗೆ ಎಣ್ಣೆ ಸವರುತ್ತಿದ್ದಳು. ಸವರುತ್ತಲೇ ಇದ್ದಳು. ಲೇತ್‌ನವನು ಲೋಟ ಖಾಲಿಯಾಗುವ ಮೊದಲೇ ತನ್ನ ಅಂಗಡಿಗೆ ಹೋದ.

"ಇಲ್ಲಿ ಕೊಡಮ್ಮ," ಎಂದು ಚಿಕ್ಕಪ್ಪ ಕೈ ಚಾಚಿದರು.

ಉಳಿಯನ್ನು ತೊಡೆಯ ಮೇಲಿಟ್ಟುಕೊಂಡು ಅಂಚಿನುದ್ದಕ್ಕೂ ಬೆರಳು ಓಡಿಸಿದರು. ಗೀರಿನ ಹತ್ತಿರ ಬೆರಳು ನಿಲ್ಲಲಿಲ್ಲ. ಅದರ ಪಕ್ಕದಲ್ಲಿ, ಹೂವಿನ ಒಂದು ಎಸಳು ಇಲ್ಲದ ಜಾಗಕ್ಕೆ ಬಂದು ನಿಂತಿತು. ಉಳಿ ಕಲ್ಲಿನ ಮೇಲೆ ಬಿದ್ದು ಮುಕ್ಕಾಯಿತು ಎಂದು ಅಕ್ಕತಂಗಿಯರು ನಂಬಿಕೊಂಡು ಬಂದ ಜಾಗ ಅದು.

"ಇಲ್ಲೊಂದು ಎಸಳಿತ್ತು. ಅದು ನನ್ನದು," ಎಂದರು. ಅದೇ ಬೆರಳು ಎಡಗಣ್ಣಿನ ಕೆಳಗೆ ಹೋಯಿತು.

ತಂಗಿ ಆ ಮುಕ್ಕನ್ನೂ ಆ ಕಣ್ಣನ್ನೂ ನೋಡಿದಳು.

"ಡಾಕ್ಟ್ರು ತೆಗೆದು ಅಂಗೈಗೆ ಹಾಕಿದ್ರು. ಬರೋ ದಾರೀಲಿ ಚರಂಡಿಗೆ ಎಸೆದೆ. ಎಸಳು ಚರಂಡಿಗೆ ಹೋಯ್ತು, ಹೂ ನನ್ನ ಹತ್ರ ಉಳೀತು."

"ಅಪ್ಪನಿಗೆ ಗೊತ್ತಿತ್ತಾ?" ಎಂದಳು ಅಕ್ಕ.

"ಗೊತ್ತಾಗಿದ್ರೆ ಅಣ್ಣ ಮತ್ತೆ ಸುತ್ತಿಗೆ ಮುಟ್ತಿದ್ನಾ? ಧೂಳು ಅಂದೆ. ನಂಬಿದ."

"ಅದಕ್ಕೂ ಮುಂಚೆ ಹೀಗೇ ಗೀರಿತ್ತಾ?" ಇದು ತಂಗಿಯ ಪ್ರಶ್ನೆ.

"ಇತ್ತು. ದಿನಾ ಹಿಡಿಯೋನಿಗೆ ಕಾಣದೆ ಇರುತ್ತಾ? ಅಣ್ಣನಿಗೆ ಅದು ಅಪ್ಪನ ಉಳಿ, ನನಗೂ ಅಪ್ಪಂದೇ. ಸಾಣೆಗೆ ಕೊಡೋಣ ಅಂತ ನಾಲಿಗೆ ತುದಿಗೆ ಬರ್ತಿತ್ತು. ನುಂಗಿಕೊಳ್ತಿದ್ದೆ."

ತಂಗಿ ಉಳಿ ಎತ್ತಿಕೊಂಡು ಲೇತ್ ಅಂಗಡಿಯ ಕಡೆ ಹೊರಟಳು. ಅಕ್ಕ ಹೊಸ್ತಿಲಲ್ಲಿ ಅವಳ ಮಣಿಕಟ್ಟು ಹಿಡಿದಳು. ಜೋರಾಗಿಯೇನೂ ಹಿಡಿಯಲಿಲ್ಲ. ಪಕ್ಕದಲ್ಲಿ ಸಾಣೆ ಯಂತ್ರ ಆಗಲೇ ತಿರುಗುತ್ತಿತ್ತು. ಲೇತ್‌ನವನು ಇವರಿಗಾಗಿಯೇ ಅದನ್ನು ಚಾಲೂ ಮಾಡಿಟ್ಟಿದ್ದ.

"ಬಿಡೇ. ನನ್ನ ಕಣ್ಣು ಕಣೇ ಇದು."

"ಅಪ್ಪನ ಕೈ ಕಣೇ ಅದು. ಒಂದು ಸಲ ಸಾಣೆಗೆ ಹಿಡಿದ್ರೆ ಆಯ್ತು. ಆಮೇಲೆ ಯಾವ ಅಂಗಡೀಲಾದ್ರೂ ಸಿಗೋ ಉಳಿ."

"ಸಿಗಲಿ ಬಿಡು."

"ನಾಳೆ ನೀನು ಹಿಡೀಬೇಡ," ಎಂದಳು ಅಕ್ಕ. "ಹಿಡಿಯೋದು ನಾನು. ಹೊಡೆಯೋದು ನೀನು."

"ನಾನು ಯಾವತ್ತು ಸುತ್ತಿಗೆ ಎತ್ತಿದೀನಿ?"

"ಕಲೀತೀಯ."

ತಂಗಿ ಚಿಕ್ಕಪ್ಪನ ಕಡೆ ನೋಡಿದಳು. ಅವರು ಕುರ್ಚಿಯನ್ನು ರಸ್ತೆಯ ಕಡೆಗೆ ಓರೆಯಾಗಿ ತಿರುಗಿಸಿಕೊಳ್ಳುತ್ತಿದ್ದರು. ಆ ಕಡೆ ತಿರುಗಿದರೆ ಅಂಗಡಿಯ ಒಳಗಿದ್ದವರಿಗೆ ಕಾಣುವುದು ಎಡಗಣ್ಣು ಮಾತ್ರ. ಪಕ್ಕದ ಸಾಣೆ ಯಂತ್ರ ಇನ್ನಷ್ಟು ಹೊತ್ತು ಬರಿದೇ ತಿರುಗಿ ನಿಂತಿತು.

ಮಧ್ಯಾಹ್ನ ಅಂಗಳದಲ್ಲಿ ಒಂದು ತುಂಡು ತಗಡು ಹಾಕಿಕೊಂಡು ಅಭ್ಯಾಸ ಮಾಡಿದರು. ಅಕ್ಕ ಕುಕ್ಕರಗಾಲಲ್ಲಿ ಕೂತು ಇಕ್ಕಳ ಹಿಡಿದಳು. ಏಟಿಗೆ ಕಾದು ನಿಂತ ಉಳಿಯ ತಲೆಯನ್ನು ಮುಖದೆದುರಿಗೇ ಅವಳು ನೋಡಿದ್ದು ಅದೇ ಮೊದಲು. ತಂಗಿಯ ಮೊದಲ ಏಟು ನೆಲಕ್ಕೆ ಬಿತ್ತು. ಮುಂದಿನದು ತಲೆಯ ನಡುವೆ ಬೀಳದೆ ಹೂವಿನ ಅಂಚಿಗೆ ತಾಗಿತು. ಗಣ್ ಎನ್ನಬೇಕಾದ ಉಕ್ಕು ಟಪ್ ಎಂದಿತು.

"ನಡುವೆ ನೋಡು," ಎಂದಳು ಅಕ್ಕ. "ನನ್ನ ಮುಖ ನೋಡಬೇಡ."

"ಮುಖ ಅಲ್ಲೇ ಇದ್ರೆ ಇನ್ನೆಲ್ಲಿ ನೋಡ್ಲಿ?"

ಸಂಜೆ ಲೇತ್‌ನವನು ಸಾಣೆ ಹಿಡಿಯುವಾಗ ಹಾಕುವ ತನ್ನ ಕನ್ನಡಕ ತಂದುಕೊಟ್ಟ. ಹಾಕಿಕೊಂಡರೆ ಬೆವರಿಗೆ ಮಬ್ಬಾಗುತ್ತದೆ, ಟ್ಯಾಂಕಿನೊಳಗೆ ಏನೂ ಕಾಣುವುದಿಲ್ಲ ಎಂದು ಅಕ್ಕ ಅದನ್ನು ಮೊಳೆಗೆ ನೇತುಹಾಕಿದಳು. ಅಲ್ಲಿ ಆಗಲೇ ಒಂದು ಹಳೆಯ ಕನ್ನಡಕ ನೇತಾಡುತ್ತಿತ್ತು. ಕಣ್ಣಿಗೆ ಧೂಳು ಬಿತ್ತು ಎಂದ ಚಿಕ್ಕಪ್ಪನಿಗೆಂದು ಅಪ್ಪ ತಂದದ್ದು.

ಟ್ಯಾಂಕಿನ ಕೆಲಸ ನಾಳೆ ಬೆಳಿಗ್ಗೆ ಶುರು. ರಿವೆಟ್‌ಗಳು ತುಕ್ಕು ಹಿಡಿದು ಗಟ್ಟಿಯಾಗಿವೆ. ಅಕ್ಕ ಹಿಡಿಯುತ್ತಾಳೆ, ತಂಗಿ ಹೊಡೆಯುತ್ತಾಳೆ.