ಬೆನ್ನ ಹಿಂದಿನ ಕೈಗಳು

ತಾಯಣ್ಣ, ನಾನು ಇಬ್ಬರೂ ರಾಯಚೂರಿನ ಹತ್ತಿ ಗಿರಣಿಯ ಹಮಾಲರು. ಅವನು ದಿನಾ ಗರಡಿಯಲ್ಲಿ ಐನೂರು ಬಸ್ಕಿ ಹೊಡೆದೇ ಕೆಲಸಕ್ಕೆ ಬರುತ್ತಿದ್ದ.

೧೯೪೬ರಲ್ಲಿ ಮಾನ್ವಿಯ ಗರಡಿಯವರು ಪಂದ್ಯ ಇಟ್ಟರು. ಎರಡು ತುದಿಗೂ ಕಲ್ಲಿನ ಗಾಲಿ ಸಿಕ್ಕಿಸಿದ ಕಬ್ಬಿಣದ ಸರಳನ್ನು ಹೆಗಲ ಮೇಲೆ ಹೊತ್ತು ಐದು ಸಲ ಪೂರ್ತಿ ಕುಳಿತು ಏಳಬೇಕು. ಬೇರೆಯವರ ಬೆರಳು ತಾಗಿದರೂ ಹೊತ್ತವನು ಸೋತಂತೆ. ಅದಕ್ಕೇ ಸುತ್ತ ನಿಂತವರೆಲ್ಲ ಬೆನ್ನ ಹಿಂದೆ ಕೈ ಕಟ್ಟಿಕೊಳ್ಳುವುದು ನಮ್ಮ ಗರಡಿಗಳ ರಿವಾಜು. ಅದನ್ನೇ ಮರ್ಯಾದೆ ಎಂದುಕೊಂಡಿದ್ದೆವು, ಮೂರ್ಖರು.

ತಾಯಣ್ಣ ನಾಲ್ಕು ಸಲ ಎದ್ದ. ಐದನೆಯ ಸಲ ಕುಳಿತವನು ಏಳಲಿಲ್ಲ. ತೊಡೆಗಳು ನಡುಗಿದವು. ಸರಳು ಕುತ್ತಿಗೆಗೆ ಜಾರಿ ಮುಖ ಕಪ್ಪಿಟ್ಟಿತು.

"ಯಾರರ ಹಿಡೀರ್ರಿ!" ಬಾಗಿಲಾಚೆಯಿಂದ ಅವನ ಹೆಂಡತಿ ಯಮನಮ್ಮ ಚೀರಿದಳು.

"ಮುಟ್ಟಿದ್ರ ಸೋತಂಗ ಆಗ್ತದ ಯವ್ವಾ, ತಡಿ" ಎಂದ ಅವನ ಉಸ್ತಾದ ಹಂಪಯ್ಯ. ಪಕ್ಕದಲ್ಲೇ ಇದ್ದ ನಾನೂ ಕೈ ಬಿಚ್ಚಲಿಲ್ಲ.

ಹೆಂಗಸರು ಕಾಲಿಡದ ಗರಡಿಯೊಳಗೆ ಅವಳು ನುಗ್ಗಿದಳು. ಅವಳೂ ಮೂಟೆ ಹೊರುವವಳೇ. ಸರಳಿನ ಒಂದು ತುದಿಯ ಕೆಳಗೆ ಕುಕ್ಕರಗಾಲಲ್ಲಿ ಕುಳಿತು, ಹೆಗಲು ಕೊಟ್ಟು ಎದ್ದಳು. ಸರಳು ಓರೆಯಾಗಿ ಉರುಳಿತು. ತಾಯಣ್ಣ ಹೊರಬಿದ್ದು ಉಸಿರೆಳೆದುಕೊಂಡ.

"ಸೋತ!" ಎಂದು ಯಾರೋ ಕೂಗಿದರು.

ಮುಂದೆ ತಾಯಣ್ಣ ರಾಯಚೂರಿನಲ್ಲಿ ತನ್ನದೇ ಗರಡಿ ಕಟ್ಟಿದ. ಅಲ್ಲಿ ಭಾರ ಹೊತ್ತವನ ಎಡಬಲಕ್ಕೆ ಇಬ್ಬರು ಕೈ ಚಾಚಿ ನಿಲ್ಲಲೇಬೇಕು. ನಾನು ಹೋದಾಗಲೆಲ್ಲ ಅವನದು ಒಂದೇ ಮಾತು:

"ಮೊದಲ ಕೈ ಮುಂದ ತಗಿಯೋ, ಗದ್ದೆಪ್ಪ."