ಎದುರಂಗಡಿಯ ಕೆಂಪು ಕಿಟ್ಲಿ

ಬೆಳಿಗ್ಗೆ ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ಕಿಟಕಿಯ ಕಡೆ ನೋಡುವುದು ನನ್ನ ಹಳೆಯ ರೋಗ. ಈವತ್ತೂ ಹಾಗೇ ಆಗಿ ಹಾಲೆಲ್ಲ ಒಲೆಯ ಪಾಲಾಯಿತು. ತಪ್ಪು ನನ್ನದಲ್ಲ. ಎದುರಿನ ಚಹಾದಂಗಡಿಗೆ ಏಣಿ ಹಾಕಿ ಇಬ್ಬರು ನಿಯಾನ್ ಕಿಟ್ಲಿಯನ್ನು, ಎಂದರೆ ಚಹಾದ ಕೆಟಲ್ ಆಕಾರದ ದೀಪದ ಬೋರ್ಡನ್ನು, ಬಿಚ್ಚುತ್ತಿದ್ದರು.

ಟಿಳಕವಾಡಿಯ ಈ ಬೀದಿಗೆ ಬಂದರೆ ನೀವೂ ಅದನ್ನು ನೋಡದೆ ಇರುತ್ತಿರಲಿಲ್ಲ. ಮೊದಲು ಕೆಂಪು ಕಿಟ್ಲಿ ಬೆಳಗುತ್ತಿತ್ತು, ಆಮೇಲೆ ಚಹಾದ ಹಳದಿ ಧಾರೆ, ಕೊನೆಗೆ ಕೆಳಗಿನ ನೀಲಿ ಕಪ್ಪು-ಬಸಿ. ಎಲ್ಲ ಆರಿ, ಮತ್ತೆ ಮೊದಲಿನಿಂದ. ಖಾನಾಪುರದಿಂದ ಮದುವೆಯಾಗಿ ಬಂದ ಹೊಸದರಲ್ಲಿ, ಆ ಬೆಳಕಿಗೆ ನನ್ನ ಬಿಳಿ ಅನ್ನ ಗಳಿಗೆಗೊಂದು ಬಣ್ಣವಾಗುವುದನ್ನು ನೋಡುತ್ತ ನಿಲ್ಲುತ್ತಿದ್ದೆ. ದೊಡ್ಡ ಊರೆಂದರೆ ಇದೇ ಎಂದುಕೊಂಡಿದ್ದೆ. ನಗಬೇಡಿ.

ಅತ್ತೆ ಪಾರಿಶ್ವಾಡದವರು. ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ ನಮ್ಮಲ್ಲಿಗೆ ಬರುತ್ತಾರೆ. ಸಂಜೆ ದೀಪ ಹಚ್ಚಿದ ಕೂಡಲೇ ಕೈ ಮುಗಿಯುವುದು ಅವರ ರೂಢಿ, ಬಲ್ಬಾದರೂ ಅಷ್ಟೇ. ಮೊದಲ ಸಲ ಬಂದಾಗ ಕಿಟಕಿಯ ಹತ್ತಿರ ಕೂತಿದ್ದರು. ಕಿಟ್ಲಿ ಹತ್ತಿಕೊಂಡಿತು. ಅತ್ತೆ ಕೈ ಮುಗಿದರು.

“ಅತ್ತ್ಯಾರ, ಅದು ಚಾದಂಗಡಿ ಬೋರ್ಡ್ ರೀ,” ಎಂದೆ. ಕಾನ್ವೆಂಟಿನಲ್ಲಿ ಓದಿದವಳಲ್ಲವೇ, ತಿದ್ದುವ ಚಟ.

“ಇರಲಿ ಬಿಡವಾ. ಸಂಜೀ ಮುಂದ ಹತ್ತಿದ ದೀಪ ಹೌದೊ ಅಲ್ಲೊ?” ತುಸು ಹೊತ್ತು ನೋಡಿ, “ಆಗಿಂದ ಸುರಿಯಾಕತ್ತೈತಿ, ಒಬ್ಬರೂ ಕುಡಿಯವಲ್ಲರು,” ಎಂದರು.

ಈಗ ಅವರ ಕಣ್ಣು ಮಂಜು. ಬೀದಿಯಾಚೆ ಅವರಿಗೆ ನೆಟ್ಟಗೆ ಕಾಣುವುದು ಆ ಕಿಟ್ಲಿಯೊಂದೇ. ಈವತ್ತೇ ಸಂಜೆಯ ಬಸ್ಸಿಗೆ ಬರುವವರಿದ್ದರು.

ಒಲೆ ಒರೆಸದೆ ಕೆಳಗಿಳಿದೆ.

“ಧಾರಿ ಕೆಟ್ಟೈತ್ರೀ ಅಕ್ಕಾ,” ಎಂದರು ಅಂಗಡಿಯ ಕಾಕಾ. “ಆ ಟ್ಯೂಬ್ ಬಗ್ಗಸವ್ರು ಈಗ ಎಲ್ಲಿ ಸಿಗತಾರ? ಅದಕ್ಕ ಹೊಸಾ ಬೋರ್ಡ್ ಹಾಕಸಾಕತ್ತೀನಿ.”

“ಸಂಜಿಗೆ ನಮ್ಮತ್ತಿ ಬರಾಕತ್ತಾರ, ಕಾಕಾ.”

“ಬರ್ಲಿ ಬಿಡ್ರಿ, ಚಾ ಕಳಸ್ತೀನಿ.”

ಚಹಾ ಬೇಡ, ಕಿಟ್ಲಿ ಬೇಕು ಎನ್ನುವುದು ಹೇಗೆ? ನಾಚಿಕೆ ಬಿಟ್ಟು ಕೈ ಮುಗಿಯುವ ಕತೆಯನ್ನೆಲ್ಲ ಹೇಳಿದೆ. ಕಾಕಾ ತಲೆ ಕೆರೆದುಕೊಂಡರು. ಬಿಚ್ಚಿಟ್ಟ ಕಿಟ್ಲಿಯ ಕಡೆ ಒಮ್ಮೆ ನೋಡಿದರು.

ಸಂಜೆ ಅತ್ತೆ ಬಂದು ತಮ್ಮ ಕುರ್ಚಿಯಲ್ಲಿ ಕೂತರು. ಹೊಸ ಬೋರ್ಡು ಹತ್ತಿತು. ಬಿಳಿ ಅಕ್ಷರಗಳು ಒಂದರ ಹಿಂದೊಂದು ಓಡತೊಡಗಿದವು. ಅತ್ತೆಯ ಕೈ ಮಡಿಲಿನಿಂದ ಏಳಲಿಲ್ಲ.

“ಏನೋ ಓಡಾಕತ್ತೈತಲ್ಲವಾ. ನಿಲ್ಲಲಿ, ಆಮ್ಯಾಲ ಮುಗಿತೀನಿ.”

ಅದು ನಿಲ್ಲುವಂಥದ್ದಲ್ಲ ಎಂದು ತಿದ್ದುವ ಬದಲು ಈ ಸಲ ಒಗ್ಗರಣೆಗೆಂದು ಒಳಗೆ ಹೋದೆ. ಸೌಟು ಹಿಡಿದುಕೊಂಡೇ ಮತ್ತೆ ಕಿಟಕಿಯ ಹತ್ತಿರ ಬಂದೆ. ಅಷ್ಟರಲ್ಲಿ ಅಂಗಡಿಯೊಳಗೆ, ಕಾಕಾ ಕೂರುವ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯಲ್ಲಿ, ಏನೋ ಕೆಂಪಗಾಯಿತು. ಕಿಟ್ಲಿ. ಧಾರೆಯಿಲ್ಲ, ಸ್ವಲ್ಪ ತಡೆದು ನೀಲಿ ಕಪ್ಪು-ಬಸಿ ತಾನೇ ಬೆಳಗಿತು.

“ಈಗ ಸುರೀದನ ಕಪ್ ತುಂಬತೈತಿ. ಶಾಣ್ಯಾ ಆಗೈತಿ,” ಎಂದು ಅತ್ತೆ ಕೈ ಮುಗಿದರು.

ನೋಡಿದರೆ ನನ್ನ ಕೈಗಳೂ ಕೂಡಿಕೊಂಡಿದ್ದವು, ನಡುವೆ ಸೌಟು. ಪ್ರಾರ್ಥನೆಗೆ ಕಣ್ಣು ಮುಚ್ಚಬೇಕೆಂದು ಸಿಸ್ಟರ್ ಕಲಿಸಿದ್ದರು. ನಾನು ಆಗಲೂ ಮುಚ್ಚಿದವಳಲ್ಲ.

ಹೆಪ್ಪು ಕೇಳಲು ಬಂದ ಪಕ್ಕದ ಮನೆಯ ಪದ್ಮಕ್ಕ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಿದ್ದರು.

“ಹೌದ್ರೀ ಅಕ್ಕಾರ,” ಎಂದರು, “ಆ ಅಂಗಡ್ಯಾಗ ಯಾವ ದೇವರೈತಿ? ನಿಮ್ಮತ್ತಿ ಮುಗಿತಾರಂತ ನಾನೂ ದಿನಾ ಮುಗಿಯೂದ ಹಿಡದು ಎಷ್ಟೋ ವರ್ಷಾತು. ಕೇಳೂದ ಮರತಿದ್ದೆ.”