ಡ್ರಮ್ಮಿಗೆ ಹೊದಿಸಿದ ಕಂಬಳಿ

ಊಟ ಸರಬರಾಜು ಮಾಡುವವರ ದೊಡ್ಡ ಅಡುಗೆಮನೆಯ ಹಿಂದೆ, ಮಿಕ್ಕಿದ್ದನ್ನೂ ಎಂಜಲನ್ನೂ ಗೊಬ್ಬರ ಮಾಡುವ ಮುಚ್ಚಿದ ಡ್ರಮ್ಮೊಂದಿದೆ. ಅದನ್ನು ನೋಡಿಕೊಳ್ಳುವವಳು ಎಲ್ಲರ ಬಾಯಲ್ಲೂ ಡ್ರಮ್ಮಕ್ಕ. ಗಂಡ ತೀರಿಹೋದ ಮೇಲೆ ಅವಳಿಗೆ ಮನೆಯಲ್ಲಿ ಯಾರೂ ಇಲ್ಲ. ಬೆಳಿಗ್ಗೆ ಬಂದವಳೇ ಡ್ರಮ್ಮಿನ ಹೊಟ್ಟೆಗೆ ಅಂಗೈ ಒತ್ತುತ್ತಾಳೆ. ಒಳಗೆ ಕೊಳೆಯುತ್ತಿರುವುದರ ಬಿಸಿ ಕೈಗೆ ಹತ್ತುತ್ತದೆ. ದಿನವಿಡೀ ಅವಳನ್ನು ಮುಟ್ಟುವ ಬೆಚ್ಚಗಿನ ಮೈ ಅದೊಂದೇ.

ಚಳಿ ಜೋರಾದಾಗ, ಪೆಟ್ಟಿಗೆಯಲ್ಲಿಟ್ಟಿದ್ದ ಗಂಡನ ಕಂಬಳಿಯನ್ನು ತಂದು ಡ್ರಮ್ಮಿಗೆ ಹೊದಿಸಿದಳು. ಗಾಳಿಯಾಡುವ ಕಿಂಡಿಗೂ ಬಟ್ಟೆ ತುರುಕಿದಳು. ಕೆಲವೇ ದಿನಗಳಲ್ಲಿ ಡ್ರಮ್ಮು ತಣ್ಣಗಾಯಿತು, ಹುಳಿನಾತ ಅಡುಗೆಮನೆಗೂ ನುಗ್ಗಿತು.

ಹಿರಿಯ ಅಡುಗೆಯವ ಮೂಗು ಹಿಡಿದುಕೊಂಡು ಬಂದ.

“ಏನಕ್ಕಾ ಇದು, ಕೂಸಿಗೆ ಹೊದಿಸಿದ ಹಾಗೆ ಹೊದಿಸಿದ್ದೀಯ! ಅದಕ್ಕೆ ಉಸಿರಾಡೋಕೆ ಗಾಳಿ ಬೇಡ್ವಾ?”

“ಚಳಿ ತಡೆಯಲ್ವೇನೋ ಅಂದ್ಕೊಂಡೆ ಅಣ್ಣ.”

“ಸರಿಹೋಗದಿದ್ರೆ ಯಜಮಾನ್ರು ಡ್ರಮ್ಮನ್ನೇ ಎತ್ತಿಸಿಬಿಡ್ತಾರಂತೆ. ಆಮೇಲೆ ಪಾತ್ರೆ ಉಜ್ಜೋಕೆ ಬಾ, ಅವಕ್ಕೂ ಒಂದೊಂದು ಕಂಬಳಿ ಹೊದಿಸುವಂತೆ.”

ಅವಳು ನಗಲಿಲ್ಲ. ಕಂಬಳಿ ಎಳೆದು, ಕಿಂಡಿಯ ಬಟ್ಟೆ ಕಿತ್ತು, ಒಣ ಮರದ ಹೊಟ್ಟು ಸುರಿದು, ಒಳಗಿನದೆಲ್ಲ ಮಗುಚುವಂತೆ ತೋಳು ಸೋಲುವವರೆಗೆ ಡ್ರಮ್ಮಿನ ಹಿಡಿಕೆ ತಿರುಗಿಸಿದಳು. ಮರುದಿನವೂ ಡ್ರಮ್ಮು ತಣ್ಣಗಿತ್ತು. ಅದರ ಮರುದಿನವೂ ಅಷ್ಟೇ.

ಆಮೇಲೊಂದು ಬೆಳಿಗ್ಗೆ ಅಂಗೈಗೆ ನಸುಬಿಸಿ ತಾಗಿತು. ಅವಳು ಇನ್ನೊಂದು ಕೈಯನ್ನೂ ಇಟ್ಟಳು. ಕೆನ್ನೆಯನ್ನೂ ಇಟ್ಟಳು.

“ಬಂತಾ ಜೀವ?” ಎಂದು ಅಡುಗೆಯವ ಬಾಗಿಲಲ್ಲೇ ನಿಂತು ಕೂಗಿದ.

“ಬಂತಣ್ಣ.”

ಆ ದಿನ ಕಂಬಳಿಯನ್ನು ಒಗೆದು ಒಣಗಿಸಿ ಮನೆಗೆ ಒಯ್ದಳು. ಪೆಟ್ಟಿಗೆಗೆ ಹಾಕಲಿಲ್ಲ. ಮಲಗುವಾಗ ಕಿಟಕಿಯನ್ನು ಕೊಂಚ ತೆರೆದಿಟ್ಟು, ಅದನ್ನು ತಾನೇ ಹೊದ್ದುಕೊಂಡಳು.